ಸವಾಯಿ ಗಂಧರ್ವ ಉತ್ಸವಕ್ಕೆ ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ

ಡಿಸೆಂಬರಿನಲ್ಲಿ ಪುಣೆಯಲ್ಲಿ ನಡೆಯುವ ಹಿಂದುಸ್ತಾನಿ ಸಂಗೀತದ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವಕ್ಕೆ ನಾವು ನಾಲ್ವರು ಗೆಳೆಯರು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬಂದೆವು. ಹೋಗುವಾಗ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸು, ಬರುವಾಗ ಖಾಸಗಿ ಸ್ಲೀಪರ್. ಸಂಗೀತ ಕೇಳಲು ಹೋಗುವವರಿಗೆ ಬಸ್ಸಿನ ಹಾಸಿಗೆಗಿಂತ ಅದು ಹೊರಡುವ ಹೊತ್ತು ಮತ್ತು ಜಾಗವೇ ಮುಖ್ಯವೆಂಬುದು ಆ ಎರಡು ರಾತ್ರಿಗಳಲ್ಲಿ ಮನದಟ್ಟಾಯಿತು.

ಗೋಕುಲ ರಸ್ತೆಯ ನಿಲ್ದಾಣದಿಂದ ರಾತ್ರಿ ಒಂಬತ್ತೂವರೆಗೆ ಹೊರಟ ಸಂಸ್ಥೆಯ ಬಸ್ಸು ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ಮಾರ್ಗವಾಗಿ ಸುಮಾರು 430 ಕಿ.ಮೀ. ಸಾಗಿ ಬೆಳಗಿನ ಆರೂವರೆಗೆ ಪುಣೆಯ ಸ್ವಾರಗೇಟ್ ನಿಲ್ದಾಣ ಮುಟ್ಟಿತು. ಹಿಂದಕ್ಕೆ ಬಾಗುವ ಸೀಟು ಮಾತ್ರವಿದ್ದುದರಿಂದ ಗಾಢ ನಿದ್ದೆ ಬರಲಿಲ್ಲ. ಕಾಗಲ್ ದಾಟಿದ ಮೇಲೆ ಆರು ಪಥದ ರಸ್ತೆ ಕೆಲಸದ ಅಡ್ಡದಾರಿಗಳಲ್ಲಿ ಬಂದ ನಿದ್ದೆಯೂ ಹಾರಿಹೋಯಿತು. ಆದರೂ ಚಹಾಕ್ಕೆ ಹದಿನೈದು ನಿಮಿಷವೆಂದ ಕಂಡಕ್ಟರರು ಹದಿನಾರನೆಯ ನಿಮಿಷಕ್ಕೆ ಸೀಟಿ ಊದಿದರು. ಉತ್ಸವ ನಡೆಯುವ ಮುಕುಂದನಗರದ ಮೈದಾನ ಸ್ವಾರಗೇಟ್‌ಗೆ ಹತ್ತಿರವೇ ಇರುವುದರಿಂದ ಆಟೋದವರೊಡನೆ ಚೌಕಾಸಿಯ ತಾಪತ್ರಯವೂ ಇರಲಿಲ್ಲ.

ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡ ಮೇಲೆ ಗುರುವಿನ ನೆನಪಿಗಾಗಿ 1953ರಲ್ಲಿ ಭೀಮಸೇನ ಜೋಶಿಯವರು ಆರಂಭಿಸಿದ ಈ ಉತ್ಸವಕ್ಕೆ ಧಾರವಾಡ, ಗದಗ ಸೀಮೆಯವರು ಹೋಗುವುದೆಂದರೆ ಬೀಗರ ಮನೆಗೆ ಹೋದಂತೆ: ಊರು ಬೇರೆ, ಸಂಬಂಧ ನಮ್ಮದೇ. ಕುರ್ಚಿಯ ಟಿಕೆಟ್ ಬಿಟ್ಟು ಭಾರತೀಯ ಬೈಠಕ್ಕಿನದನ್ನೇ, ಅಂದರೆ ನೆಲದ ಮೇಲೆ ಕೂರುವುದನ್ನೇ, ಕೊಂಡಿದ್ದೆವು. ನಮ್ಮ ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು ಮನೆಯಿಂದ ತಂದ ಜಮಖಾನೆಯನ್ನು ಹಾಸಿ, ಥರ್ಮಾಸನ್ನು ಪಕ್ಕಕ್ಕಿಟ್ಟುಕೊಂಡು, ನಿಧಾನ ಲಯದ ವಿಲಂಬಿತದ ಉದ್ದಕ್ಕೂ ತೊಡೆಯ ಮೇಲೆ ತಾಳದ ಮಾತ್ರೆ ಎಣಿಸುತ್ತಿದ್ದರು. ನಮ್ಮಲ್ಲಿ ತಬಲಾ ಕಲಿಯುತ್ತಿರುವ ಗೆಳೆಯ ಸಮ್, ಅಂದರೆ ತಾಳದ ಮೊದಲ ಮಾತ್ರೆ, ತಪ್ಪಿದಾಗಲೆಲ್ಲ ಅವರ ಬೆರಳನ್ನೇ ನೋಡಿ ಸರಿಮಾಡಿಕೊಳ್ಳುತ್ತಿದ್ದ. ಹಿಂದೆ ಬೆಳಗಿನವರೆಗೂ ನಡೆಯುತ್ತಿದ್ದ ಈ ಉತ್ಸವ ಧ್ವನಿವರ್ಧಕದ ನಿಯಮಗಳಿಂದಾಗಿ ಈಗ ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ಮುಗಿಯುವುದರಿಂದ ಇಳಿಹೊತ್ತಿನ ರಾಗಗಳಾದ ಮುಲ್ತಾನಿ, ಪೂರಿಯಾ ಧನಾಶ್ರೀಗಳನ್ನು ಅವುಗಳ ಹೊತ್ತಿನಲ್ಲೇ ಕೇಳಬಹುದಾದರೂ ನಡುರಾತ್ರಿಯ ರಾಗಗಳ ಹೊತ್ತು ಬಸ್ಸಿನಲ್ಲೇ ಕಳೆದುಹೋಗುತ್ತದೆ.

ಹಿಂದಿರುಗುವಾಗ ಕೆಟ್ಟದ್ದು ಈ ಹೊತ್ತಿನ ವಿಷಯದಲ್ಲಿಯೇ. ಸ್ವಾರಗೇಟ್‌ನಲ್ಲಿ ಹತ್ತೂವರೆಗೆ ಹತ್ತಿಸಿಕೊಳ್ಳುವುದಾಗಿ ಟಿಕೆಟ್ಟಿನಲ್ಲಿ ಬರೆದಿದ್ದ ಖಾಸಗಿ ಕಂಪನಿಯವರು ಒಂಬತ್ತಕ್ಕೆ ಫೋನ್ ಮಾಡಿ, ಬಸ್ಸು ಊರೊಳಗೆ ಬರುವುದಿಲ್ಲ, ಹತ್ತರೊಳಗೆ ಊರಂಚಿನ ಕಾತ್ರಜ್‌ಗೆ ಬನ್ನಿ ಎಂದರು. ಭಾನುವಾರವೆಂದು ಹೋಗುವಾಗಿನ ಒಂದೂವರೆ ಪಟ್ಟು ದರ ತೆತ್ತಿದ್ದ ನಾವು ಕೊನೆಯ ಗಾಯನವನ್ನು ಅರ್ಧಕ್ಕೇ ಬಿಟ್ಟು ಓಡಿದೆವು. ಸವಾಯಿ ಗಂಧರ್ವರ ಹಳೆಯ ಧ್ವನಿಮುದ್ರಿಕೆ ಕೇಳಿಸಿ ಉತ್ಸವ ಮುಗಿಸುವ ರೂಢಿಯೂ ನಮ್ಮ ಪಾಲಿಗೆ ತಪ್ಪಿತು. ಬಸ್ಸು ಬಂದದ್ದು ಹನ್ನೊಂದು ನಲವತ್ತಕ್ಕೆ. ಮೇಲಿನ ಬರ್ತಿನ ಪರದೆಗೆ ಮೂರು ಕೊಕ್ಕೆಗಳಷ್ಟೇ ಉಳಿದಿದ್ದುದರಿಂದ ಒಬ್ಬ ಗೆಳೆಯ ತನ್ನ ಶಾಲನ್ನು ಸರಳಿಗೆ ಕಟ್ಟಿ ಮಲಗಿದ. ಕೊಟ್ಟ ಕಂಬಳಿ ಒದ್ದೆ ಗೋಣಿಚೀಲದ ವಾಸನೆ ಹೊಡೆಯುತ್ತಿತ್ತು. ಕೊಲ್ಹಾಪುರದಲ್ಲಿ ಸರಕು ತುಂಬಲು ಮುಕ್ಕಾಲು ಗಂಟೆ ನಿಂತಿತು. ಹಾಸಿಗೆ ಮೆತ್ತಗಿತ್ತೆಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು, ಆದರೆ ಹುಬ್ಬಳ್ಳಿ ತಲುಪುವಾಗ ಒಂಬತ್ತೂಕಾಲಾಗಿ ಇಬ್ಬರಿಗೆ ಅರ್ಧ ದಿನದ ರಜೆ ಹೋಯಿತು.

ಸ್ಲೀಪರ್ ಬೇಕೆನ್ನುವವರು ಹತ್ತಿಸಿಕೊಳ್ಳುವ ಜಾಗವನ್ನು ಹಿಂದಿನ ದಿನವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ, ಹನ್ನೊಂದಕ್ಕಿಂತ ಮೊದಲಿನ ಬಸ್ಸನ್ನು ಹಿಡಿಯಲೇಬೇಡಿ. ನಾವಂತೂ ಮುಂದಿನ ವರ್ಷ ಸೋಮವಾರ ರಜೆ ಹಾಕಿ, ಭಾನುವಾರ ರಾತ್ರಿ ಪುಣೆಯಲ್ಲೇ ಉಳಿದು, ಬೆಳಿಗ್ಗೆ ಸಂಸ್ಥೆಯ ಬಸ್ಸು ಹತ್ತುವುದೆಂದು ನಿಪ್ಪಾಣಿ ದಾಟುವ ಮೊದಲೇ ತೀರ್ಮಾನಿಸಿದೆವು.