ನಿಲುವು ಬೇಲಿಂಗ್ ಯಂತ್ರವೋ, ಅಡ್ಡ ಯಂತ್ರವೋ?

ಮಾಲನ್ನು ಒತ್ತಿ ಬೇಲ್ ಎಂಬ ಬಿಗಿಯಾದ ಕಟ್ಟು ಮಾಡುವ ಬೇಲಿಂಗ್ ಯಂತ್ರವನ್ನು ಕೊಳ್ಳುವಾಗ, ಅದರ ಒತ್ತುವ ಬಲದ ಬಗ್ಗೆ ಮಾರುವವನು ಹೇಳುವ ಟನ್ ಲೆಕ್ಕಕ್ಕೆ ಗುಜರಿ ವ್ಯಾಪಾರದವರು ಮರುಳಾಗಬಾರದು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಗೋದಾಮಿಗೆ ರಟ್ಟು, ಪೆಟ್ ಬಾಟಲಿ, ಪ್ಲಾಸ್ಟಿಕ್ ಹಾಳೆ ಎಲ್ಲವೂ ಬರುತ್ತವೆ. ರಟ್ಟನ್ನು ಒತ್ತದೆ ನಂಜನಗೂಡಿನ ಕಾಗದ ಕಾರ್ಖಾನೆಗೆ ಕಳಿಸಿದರೆ ಲಾರಿ ತುಂಬುತ್ತದೆ, ತೂಕ ಬರುವುದಿಲ್ಲ. ಬಾಡಿಗೆಯೇ ಲಾಭವನ್ನು ತಿಂದುಬಿಡುತ್ತದೆ.

ಅಡ್ಡ ಯಂತ್ರದ ವೇಗ ನನಗೆ ಬಹಳ ಹಿಡಿಸಿತು. ಕನ್ವೇಯರ್ ಮಾಲನ್ನು ತಂದು ಸುರಿಯುತ್ತದೆ, ಸಿಲಿಂಡರ್ ಪಕ್ಕದಿಂದ ಒತ್ತುತ್ತದೆ. ದುಬಾರಿ ಮಾದರಿಗಳಾದರೆ ತಂತಿಯನ್ನೂ ತಾವೇ ಕಟ್ಟುತ್ತವೆ. ದಿನವಿಡೀ ರಟ್ಟೊಂದೇ ಬರುವ ಕಡೆ ಅದನ್ನೇ ಕೊಳ್ಳಿ. ಆದರೆ ತುದಿ ತೆರೆದ ಮಾದರಿಯಲ್ಲಿ ಹಿಂದಿನ ಮಾಲನ್ನು ಮುಂದಿನದೇ ಹೊರಗೆ ತಳ್ಳಬೇಕು. ರಟ್ಟಿನಿಂದ ಬಾಟಲಿಗೆ ಬದಲಾಯಿಸಿದಾಗ ನಡುವಿನ ಬೇಲ್ ಕಲಬೆರಕೆಯಾಗುತ್ತದೆ, ಕಲಬೆರಕೆ ಬೇಲಿಗೆ ದರ ಸಿಗುವುದಿಲ್ಲ. ಮೇಲಿನಿಂದ ಒತ್ತುವ ನಿಲುವು ಯಂತ್ರದಲ್ಲಿ ಈ ತಾಪತ್ರಯವಿಲ್ಲ. ಜಾಗವೂ ಕಡಿಮೆ ಸಾಕು. ತುಂಬುವುದು, ತಂತಿ ಕಟ್ಟುವುದು ಮಾತ್ರ ಕೈಕೆಲಸ.

ಇನ್ನು ಟನ್ ಲೆಕ್ಕ. ಎರಡು ಯಂತ್ರಗಳ ಮೇಲೂ 40 ಟನ್ ಎಂದು ಬರೆದಿರಬಹುದು. ಒಂದರ ಒತ್ತುಹಲಗೆ 100 ಸೆಂಟಿಮೀಟರ್ ಉದ್ದ, 70 ಸೆಂಟಿಮೀಟರ್ ಅಗಲ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 5.7 ಕಿಲೋ ಒತ್ತಡ ಬೀಳುತ್ತದೆ. ಇನ್ನೊಂದರ ಹಲಗೆ 120 ಉದ್ದ, 100 ಅಗಲ ಇದ್ದರೆ ಬೀಳುವುದು 3.3 ಕಿಲೋ ಮಾತ್ರ. ಬೇಲ್ ಗಟ್ಟಿಯಾಗುವುದು ಈ ಒತ್ತಡದಿಂದ. ಹಲಗೆಯ ಅಳತೆಯನ್ನು ಬರೆದು ಕೊಡದ ಮಾರಾಟಗಾರನ ಬಳಿ ವ್ಯವಹಾರವೇ ಬೇಡ.

ಪೆಟ್ ಬಾಟಲಿ ಹಟಮಾರಿ. ಮುಚ್ಚಳ ತೆಗೆಯದೆ ಹಾಕಿದರೆ ಒಳಗಿನ ಗಾಳಿ ಒತ್ತಡಕ್ಕೆ ಎದುರು ನಿಲ್ಲುತ್ತದೆ. ತೆಗೆದು ಹಾಕಿದರೂ ಹಲಗೆ ಮೇಲೇರಿದ ಕೂಡಲೇ ಮಾಲು ಮತ್ತೆ ಉಬ್ಬುತ್ತದೆ. ಅದನ್ನು ತಡೆಯುವ ಹಲ್ಲುಗಳು ಪೆಟ್ಟಿಗೆಯ ಗೋಡೆಯಲ್ಲಿ ಇವೆಯೇ ಎಂದು ಕೈಯಿಟ್ಟು ನೋಡಿ.

ನಾವು ಕೊಂಡದ್ದು ಎರಡು ಸಿಲಿಂಡರಿನ ನಿಲುವು ಯಂತ್ರ. ರಟ್ಟಿನ ಬೇಲ್ ಚೌಕವಾಗಿ, ಬಿಗಿಯಾಗಿ ಬರುತ್ತದೆ. ಲಾರಿಯಲ್ಲಿ ಒಂದರ ಮೇಲೊಂದು ಅಲುಗಾಡದೆ ಕೂರುತ್ತದೆ. ಬಾಗಿಲು ತೆರೆದರೆ ಒತ್ತುವುದು ತಾನಾಗಿಯೇ ನಿಲ್ಲುತ್ತದೆ. ಈ ವ್ಯವಸ್ಥೆಯಿಲ್ಲದ ಯಂತ್ರವನ್ನು ಪುಕ್ಕಟೆ ಕೊಟ್ಟರೂ ನಾನು ಒಳಗೆ ಬಿಡುವುದಿಲ್ಲ, ಅದರ ಮುಂದೆ ನಿಲ್ಲುವವರು ನಮ್ಮ ಹುಡುಗರು.

ಬೇಸರವಿರುವುದು ಮಾರಿದವರ ಮೇಲೆ. ಸಿಲಿಂಡರಿನ ಸೀಲ್ ಸವೆದು ಎಣ್ಣೆ ಜಿನುಗಿದಾಗ ಹೊಸ ಸೀಲಿಗಾಗಿ ಅವರು ನಮ್ಮನ್ನು ಬಹಳ ಕಾಯಿಸಿದರು. ಯಂತ್ರದ ಜೊತೆಗೇ ಒಂದು ಜೊತೆ ಸೀಲ್ ತೆಗೆದಿಟ್ಟುಕೊಳ್ಳಿ, ಅದರ ಅಳತೆಯನ್ನೂ ಬರೆಸಿಕೊಳ್ಳಿ.