ಮೀಟರ್‌ಗಾಗಿ ಸೋಲಾರ್ ಹಾಕಿಸುತ್ತಿದ್ದೀರಾ? ಮೊದಲು ಪೈಪ್ ನೋಡಿ

ಬೆಂಗಳೂರಿನಲ್ಲಿ 30x40 ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ ಮನೆ ಕಟ್ಟುತ್ತಿರುವವರು ಬಚ್ಚಲಿಗೆ ಟೈಲ್ಸ್ ಹಾಕಿಸುವ ಮೊದಲೇ ಇದನ್ನು ಓದಿ. 2007ರ ಸರ್ಕಾರಿ ಆದೇಶ ಇಂಥ ಮನೆಗಳ ಕರೆಂಟ್ ಕನೆಕ್ಷನ್ನಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ನಿಯಮ ಒಳ್ಳೆಯದೇ. ಆದರೆ ತಾರಸಿ ಮೇಲೆ ಸೋಲಾರ್ ಕೂತಿದೆಯೇ ಎಂದಷ್ಟೇ ಕನೆಕ್ಷನ್ ಕೊಡುವವರು ನೋಡುತ್ತಾರೆ, ಕೆಳಗೆ ಬಿಸಿನೀರು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಕೈಗೆ ಸಿಕ್ಕ ಅಗ್ಗದ ಸೆಟ್ ಕೂರಿಸಿ ಕೈತೊಳೆದುಕೊಳ್ಳುವವರಿಗೆ ಅಷ್ಟೇ ಸಾಕು.

ಮೂರಂತಸ್ತಿನ ಒಂದು ಮನೆಯಲ್ಲಿ ಆದದ್ದು ಹೀಗೆ. 200 ಲೀಟರಿನ, ಗಾಜಿನ ಟ್ಯೂಬ್‌ಗಳಲ್ಲಿ ನೀರು ಕಾಯಿಸುವ ಸೋಲಾರ್ ಹಾಕಿಸಿದರು, ಮೀಟರ್ ಬಂತು. ಶವರ್‌ಗೆ ಫೋರ್ಸ್ ಸಾಲದೆಂದು ಆಮೇಲೆ ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಸೇರಿಸಿದರು. ಅಲ್ಲಿಂದ ಶುರು: ತಾರಸಿಯಲ್ಲಿ ಸೋಲಾರ್ ಟ್ಯಾಂಕಿಗೆ ಗಾಳಿ ಆಡಲು ಬಿಟ್ಟ ಏರ್ ವೆಂಟ್ ಪೈಪಿನಿಂದ ನೀರು ಸುರಿಯುತ್ತದೆ, ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು. ಮಾರಿದವರು ಬಂದು ಟ್ಯೂಬ್ ಬದಲಿಸಿ ದುಡ್ಡು ತೆಗೆದುಕೊಂಡು ಹೋದರು. ಟ್ಯೂಬಿನ ತಪ್ಪೇನೂ ಇರಲಿಲ್ಲ. ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಎರಡೂ ಕಡೆ ತೆರೆದಿದ್ದಾಗ ಪಂಪಿನ ಒತ್ತಡಕ್ಕೆ ತಣ್ಣೀರು ಬಿಸಿ ಲೈನಿಗೆ ನುಗ್ಗಿ, ಮೇಲೇರಿ ಸೋಲಾರ್ ಟ್ಯಾಂಕನ್ನೇ ತಣ್ಣಗೆ ಮಾಡುತ್ತಿತ್ತು. ಪ್ರತಿ ಬಚ್ಚಲಿನ ಬಿಸಿ ಲೈನಿಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹಾಕಿದರೆ ಇದು ನಿಲ್ಲುತ್ತದೆ. ಎರಡೂ ನೀರಿನ ಫೋರ್ಸ್ ಸಮವಾಗಬೇಕಾದರೆ ಬಿಸಿ ಲೈನಿಗೂ ಬಿಸಿನೀರು ತಡೆಯುವ ಪಂಪ್ ಬೇಕು. ಸಾಮಾನ್ಯ ಸೋಲಾರ್ ಟ್ಯಾಂಕಿನ ಒಳಗೆ ಹೋಗುವ ಲೈನಿಗೆ ಮಾತ್ರ ಯಾವ ಕಾರಣಕ್ಕೂ ಪಂಪ್ ಕೊಡಬೇಡಿ, ಟ್ಯಾಂಕ್ ಒಡೆಯಬಹುದು.

ಏರ್ ವೆಂಟ್ ಪೈಪಿನ ತುದಿ ಸಿಂಟೆಕ್ಸ್‌ನ ನೀರಿನ ಮಟ್ಟಕ್ಕಿಂತ ಮೇಲಿರಲಿ. ಅದಕ್ಕೆ ಮುಚ್ಚಳ ಜಡಿಯುವ ಪ್ಲಂಬರ್‌ಗಳೂ ಇದ್ದಾರೆ! ಗಾಳಿ ಆಡದಿದ್ದರೆ ನೀರು ಖಾಲಿಯಾಗುವಾಗ ಟ್ಯಾಂಕ್ ಒಳಕ್ಕೆ ಕುಸಿಯುತ್ತದೆ. ಸಿಂಟೆಕ್ಸ್‌ನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಎತ್ತರದಲ್ಲಿರಬೇಕು, ಅಲ್ಲಿಂದ ಸೋಲಾರ್‌ಗೆ ಬೇರೆಯದೇ ಲೈನ್ ಇಳಿಯಬೇಕು.

ಬೋರ್‌ವೆಲ್ ನೀರೇ ಗತಿಯೆಂದಾದರೆ ಮಾಮೂಲಿ ಟ್ಯೂಬ್ ಸೆಟ್ ಬೇಡ. ಗಡಸು ನೀರಿನ ಬಿಳಿ ಪದರ ಒಳಗೆಲ್ಲ ಕಟ್ಟಿಕೊಳ್ಳುತ್ತದೆ. ಬಳಸುವ ನೀರು ಪ್ಯಾನೆಲ್ಲಿನೊಳಗೆ ಹೋಗದಂತೆ ಕಾಯಿಸುವ ಹೀಟ್ ಎಕ್ಸ್‌ಚೇಂಜರ್ ಇರುವ ಫ್ಲಾಟ್ ಪ್ಲೇಟ್ (ಚಪ್ಪಟೆ ಪ್ಯಾನೆಲ್ಲಿನ) ಸೆಟ್ ಕೇಳಿ, 100 ಲೀಟರಿಗೆ ಸುಮಾರು 2 ಚದರ ಮೀಟರ್ ಪ್ಯಾನೆಲ್ ಇರಬೇಕು. ದಕ್ಷಿಣಕ್ಕೆ ಮುಖ, ನೀರಿನ ಟ್ಯಾಂಕಿನದೋ ಪಕ್ಕದ ಮನೆಯದೋ ನೆರಳು ಬೀಳಕೂಡದು.

ಹೆಚ್ಚಿನವರು ಎಡವುವುದು ಪೈಪಿನಲ್ಲಿ. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪು 20 ಮೀಟರ್ ಇದ್ದರೆ ಅದರೊಳಗೇ ಸುಮಾರು 5 ಲೀಟರ್ ನೀರು ನಿಂತಿರುತ್ತದೆ. ಕೆಳಮನೆಯವರು ಪ್ರತಿ ಸಲ ಅಷ್ಟು ತಣ್ಣೀರು ಚೆಲ್ಲಬೇಕು. ಬೇಸತ್ತು ಗೀಸರ್ ಸ್ವಿಚ್ ಒತ್ತುತ್ತಾರೆ. ಅಲ್ಲಿಗೆ ನಿಯಮದಿಂದ ಆಗಬೇಕಿದ್ದ ಕರೆಂಟ್ ಉಳಿತಾಯ ಮುಗಿಯಿತು. ಒಂದು ಇಂಚಿನ ಪೈಪಾದರೆ ಇನ್ನೂ ಹೆಚ್ಚು ಪೋಲು. ಬಚ್ಚಲುಗಳು ಒಂದರ ಮೇಲೊಂದು ಬರಲಿ, ಪೈಪಿಗೆ ಗೋಡೆಯೊಳಗೂ ಇನ್ಸುಲೇಷನ್ ಸುತ್ತಿಸಿ.

ಮೋಡದ ದಿನಕ್ಕೆಂದು ಸೋಲಾರ್ ಟ್ಯಾಂಕಿನೊಳಗೇ ಹೀಟರ್ ಕಾಯಿಲ್ ಕೊಡುತ್ತಾರೆ. 200 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಸುಮಾರು 7 ಯೂನಿಟ್ ಸುಡುತ್ತದೆ. ಬಚ್ಚಲಿನ 15 ಲೀಟರ್ ಗೀಸರ್‌ಗೆ ಅಷ್ಟೇ ಬಿಸಿಗೆ ಅರ್ಧ ಯೂನಿಟ್ ಸಾಕು. ಕಾಯಿಲ್ ಬೇಡವೆನ್ನಿ.

ಕೊನೆಯ ಕಂತು ತಡೆದಿಟ್ಟುಕೊಳ್ಳಿ. ಒಳ್ಳೆ ಬಿಸಿಲು ಬಿದ್ದ ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಕೆಳಮನೆಯ ಬಚ್ಚಲಲ್ಲಿ ಬಕೆಟ್ ಇಟ್ಟು, ಎಷ್ಟು ನೀರು ಹೋದ ಮೇಲೆ ಬಿಸಿ ಬಂತೆಂದು ನೋಡಿ, ಆಮೇಲೆ ದುಡ್ಡು ಕೊಡಿ.