ಆಯಿಲ್ ಕುಡಿಯುವ ಕಾರಿಗೆ ನಾಲ್ಕು ಮದ್ದು, ಒಂದು ಘಟ್ಟ

ಕುಮಟಾಕ್ಕೆ ಕಾರು ನೋಡಲು ಹೋದಾಗ ಬಾನೆಟ್ಟಿನ ಮೇಲೆ ಕೈಯಿಟ್ಟಿದ್ದೆ. ಬಿಸಿ ಇತ್ತು. 'ಈಗಷ್ಟೇ ಪೆಟ್ರೋಲ್ ಹಾಕಿಸ್ಕಂಡು ಬಂದೆ' ಅಂದರು ಮಾರುವವರು. ನಂಬಿದೆ. 2009ರ ಗಾಡಿ, ಸಾವಿರ ಚಿಲ್ಲರೆ ಸಿಸಿ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್. ಮೀಟರಿನಲ್ಲಿ 96 ಸಾವಿರ ಕಿ.ಮೀ. 1.10 ಲಕ್ಷಕ್ಕೆ ಮಾತು ಮುಗಿಯಿತು. ಶಿರಸಿಗೆ ತಂದು ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅಂಗಳದ ತುಂಬ ನೀಲಿ ಹೊಗೆ. 'ಎಂತ ಸುಟ್ಟ ವಾಸನೆ ಅದು?' ಅಂತ ಆಯಿ ಒಳಗಿನಿಂದಲೇ ಕೇಳಿದಳು. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದಾಗ ಎದ್ದು ಕಾಣುವ ರೋಗ ಅದು. ಗಾಡಿ ಬಿಸಿ ಮಾಡಿಟ್ಟು ತೋರಿಸಿದ್ದು ಯಾಕೆಂದು ಆಗ ಅರ್ಥವಾಯಿತು.

ಮೊದಲು ಅಳತೆ ಹಿಡಿದೆ. ಭಾನುವಾರ ಬೆಳಿಗ್ಗೆ, ಅದೇ ಮಟ್ಟಸ ಜಾಗದಲ್ಲಿ, ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡುವುದು; ಎಷ್ಟು ಹಾಕಿದೆ, ಎಷ್ಟು ಓಡಿತು ಅಂತ ಪಟ್ಟಿಯಲ್ಲಿ ಬರೆಯುವುದು. 850 ಕಿ.ಮೀ.ಗೆ ಒಂದು ಲೀಟರ್ ಹೋಗುತ್ತಿತ್ತು. ರಾತ್ರಿ ಗಾಡಿಯಡಿ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಎರಡೇ ಹನಿ. ಅಂದರೆ ಸೋರುತ್ತಿಲ್ಲ, ಸುಡುತ್ತಿದೆ.

ಮೊದಲ ಮದ್ದು, ಎಲ್ಲರೂ ಹೇಳುವ ದಪ್ಪ ಆಯಿಲ್. 10ಡಬ್ಲ್ಯು-30 ತೆಗೆದು 20ಡಬ್ಲ್ಯು-50 ಹಾಕಿಸಿದೆ. ಕೊನೆಯ ಅಂಕ ಬಿಸಿಯಲ್ಲಿನ ದಪ್ಪದ್ದು; ಬಿಸಿಯಾದಾಗ 50, 30ಕ್ಕಿಂತ ದಪ್ಪವಾಗಿ ನಿಲ್ಲುವುದರಿಂದ ಸಂದಿಯಲ್ಲಿ ಕಡಿಮೆ ಜಾರುತ್ತದೆ, ನಿಜ. ಲೀಟರಿಗೆ 1,150 ಕಿ.ಮೀ. ಬಂತು. ಆದರೆ ಡಿಸೆಂಬರಿನ ಬೆಳಗಿನ ಚಳಿಗೆ ಇಂಜಿನ್ ಜಡವಾಗಿ ತಿರುಗುತ್ತಿತ್ತು. ಸ್ಟಾರ್ಟ್ ಆದಮೇಲೂ ಆಯಿಲ್ ಮೇಲೇರುವ ತನಕ ಟ್ಯಾಪೆಟ್ ಕಟಕಟ. ಪೆಟ್ರೋಲೂ ಸ್ವಲ್ಪ ಹೆಚ್ಚೇ ಕುಡಿಯಿತು. ಮಾರಿ ಕೈತೊಳೆದುಕೊಳ್ಳುವವರಿಗೆ ಇದು ಸಾಕು, ಇಟ್ಟುಕೊಳ್ಳುವವರಿಗಲ್ಲ.

ಎರಡನೆಯದು ಅಂಗಡಿಯಲ್ಲಿ ಸಿಗುವ 'ಹೊಗೆ ನಿಲ್ಲಿಸುವ' ಬಾಟಲಿ. 600 ರೂಪಾಯಿ. 1,150 ಇದ್ದದ್ದು 1,180 ಆಯಿತು. ನನ್ನ ಡಿಪ್‌ಸ್ಟಿಕ್ ಓದುವ ತಪ್ಪೇ ಅದಕ್ಕಿಂತ ದೊಡ್ಡದು.

ಮೂರನೆಯದು ಪಿಸಿವಿ ವಾಲ್ವ್. ಇಂಜಿನ್ನಿನ ಹೊಟ್ಟೆಯ ಗಾಳಿಯನ್ನು ಮತ್ತೆ ಗಾಳಿ ಎಳೆದುಕೊಳ್ಳುವ ದಾರಿಗೆ, ಅಂದರೆ ಇನ್‌ಟೇಕಿಗೆ ಬಿಡುವ ಸಣ್ಣ ವಾಲ್ವ್ ಅದು. ಕೈಯಲ್ಲಿ ಅಲ್ಲಾಡಿಸಿದರೆ ಒಳಗೆ ಟಕಟಕ ಅನ್ನಬೇಕು, ನನ್ನದು ಮೂಕ. ಹೊಸದು ಹಾಕಿದೆ, 1,300ಕ್ಕೆ ಏರಿತು. ಹಾಕಿದ ದುಡ್ಡಿಗೆ ಹೋಲಿಸಿದರೆ ಇದೇ ಲಾಭ. ಯಾರೇ ಆದರೂ ಮೊದಲು ಇದನ್ನೇ ನೋಡಬೇಕಿತ್ತು, ನಾನು ಮೂರನೆಯದಾಗಿ ನೋಡಿದೆ.

ಇಷ್ಟಾದಮೇಲೆ ಬುದ್ಧಿ ಬಂತು. ರೋಗ ಪಿಸ್ಟನ್ನಿನ ಸುತ್ತಲಿನ ರಿಂಗಿನದೋ, ವಾಲ್ವಿನ ಕಾಂಡಕ್ಕೆ ಕೂರುವ ರಬ್ಬರ್ ಸೀಲಿನದೋ ತಿಳಿಯದೆ ದುಡ್ಡು ಸುರಿಯುವುದು ದಂಡ. ಅದಕ್ಕೆ ಶಿರಸಿ-ಕುಮಟಾ ನಡುವಿನ ನಮ್ಮ ದೇವಿಮನೆ ಘಟ್ಟಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎರಡನೇ ಗೇರಿನಲ್ಲಿ ಎಕ್ಸಲರೇಟರ್ ಬಿಟ್ಟು ಇಳಿಯುವಾಗ ಇನ್‌ಟೇಕ್ ಜೋರಾಗಿ ಎಳೆಯುತ್ತದೆ. ಸೀಲ್ ಗಟ್ಟಿಯಾಗಿ ಹಿಡಿತ ಬಿಟ್ಟಿದ್ದರೆ ಆಯಿಲ್ ವಾಲ್ವಿನ ಕಾಂಡದ ಗುಂಟ ಜಾರಿ ಒಳಗೆ ಸೇರುತ್ತದೆ. ಕೆಳಗೆ ಬಂದು ಮತ್ತೆ ಎಕ್ಸಲರೇಟರಿಗೆ ಕಾಲಿಟ್ಟ ಕೂಡಲೇ ಅದು ಒಮ್ಮೆಲೇ ಉರಿಯುತ್ತದೆ. ರಿಂಗ್ ಹೋಗಿದ್ದರೆ ಹಾಗಲ್ಲ. ಇಂಜಿನ್ ದುಡಿಯುವಾಗ, ಅಂದರೆ ಘಟ್ಟ ಹತ್ತುವಾಗ ಹೊಗೆ ಬಿಡದೆ ಹಿಂಬಾಲಿಸುತ್ತದೆ.

ಭಾವನನ್ನು ಬೈಕಿನಲ್ಲಿ ಹಿಂದೆ ಬರಲು ಹೇಳಿ ಇಳಿದೆ. ಕತಗಾಲದ ಹತ್ತಿರ ನಿಲ್ಲಿಸಿದಾಗ ಅವನ ವರದಿ: 'ಕಾಲಿಟ್ ಕೂಡ್ಲೆ ಒಂದು ಗುಪ್ಪೆ ನೀಲಿ ಹೊಗೆ ಬಂತು ಭಾವ, ಮತ್ತೆಂತದೂ ಇಲ್ಲೆ.' ವಾಪಸು ಹತ್ತುವಾಗ ಹೊಗೆಯೇ ಇಲ್ಲ.

ಕುಮಟಾದ ಒಬ್ಬ ಮೆಕ್ಯಾನಿಕ್ ಹತ್ತಿರ ಕಂಪ್ರೆಶನ್, ಅಂದರೆ ನಾಲ್ಕೂ ಸಿಲಿಂಡರಿನ ಒಳಗಿನ ಒತ್ತಡ ನೋಡಿಸಿದೆ: 165, 160, 160, 155 ಪಿಎಸ್ಐ. ಪ್ಲಗ್ ತೂತಿನಲ್ಲಿ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ ಐದೇ ಅಂಕ ಏರಿತು. ರಿಂಗ್ ಸವೆದಿದ್ದರೆ ಆಯಿಲ್ ಸಂದಿ ಮುಚ್ಚಿ ಅಂಕ ಜಿಗಿಯಬೇಕಿತ್ತು. ನಾನು ಖುಷಿಯಾದೆ. ಅವರು ಆಗಲಿಲ್ಲ. 'ಹೆಗಡೇರೆ, ಇದು ಮೇಲಿನ ಎರಡು ರಿಂಗಿನ ಲೆಕ್ಕ. ಆಯಿಲ್ ಕೆರೆಯೋದು ಮೂರನೇ ರಿಂಗು. ಅದು ಕಿಟ್ಟ ಹಿಡಿದು ಕೂತಿದ್ರೆ ಈ ಮೀಟರಿಗೆ ಗೊತ್ತಾಗೋದಿಲ್ಲ' ಅಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಮೆಕ್ಯಾನಿಕ್ ಸಿಕ್ಕಿದ್ದು ನನ್ನ ಅದೃಷ್ಟ.

ನಾಲ್ಕನೆಯ ಮದ್ದು ಸೀಲ್. ಹದಿನಾರು ಸೀಲ್, ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಸೇರಿ 1,800; ಮಜೂರಿ 4,500. ಇಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಲಿಲ್ಲ. ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ ಪಿಸ್ಟನ್ ಮೇಲೆ ತಂದರು. ಹಗ್ಗ ವಾಲ್ವನ್ನು ಕೆಳಗಿನಿಂದ ಒತ್ತಿ ಹಿಡಿಯುತ್ತದೆ, ಸ್ಪ್ರಿಂಗ್ ಬಿಚ್ಚಿದರೂ ವಾಲ್ವ್ ಒಳಗೆ ಬೀಳುವುದಿಲ್ಲ. ಆಯಿಲ್ ಇಳಿಯುವ ತೂತುಗಳಿಗೆಲ್ಲ ಬಟ್ಟೆ ತುಂಬಿದ್ದರು. ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ಸಣ್ಣ ಲಾಕ್ ಒಂದು ಹಾರಿದಾಗ ಆ ಬಟ್ಟೆಯೇ ಕಾಪಾಡಿತು, ಇಲ್ಲವಾದರೆ ಆಯಿಲ್ ಪ್ಯಾನ್ ಬಿಚ್ಚಬೇಕಿತ್ತು. ಹಳೆಯ ಸೀಲುಗಳು ಒಣಗಿದ ಹುಣಸೆಬೀಜದಂತೆ ಗಟ್ಟಿ, ಉಗುರು ಇಳಿಯುತ್ತಿರಲಿಲ್ಲ.

ಮತ್ತೆ 10ಡಬ್ಲ್ಯು-30 ಹಾಕಿಸಿದೆ. ಬೆಳಗಿನ ಹೊಗೆ ಹೋಯಿತು. ಈಗ ಲೀಟರಿಗೆ 3,800 ಕಿ.ಮೀ. ವರ್ಷಕ್ಕೆ ಹನ್ನೆರಡು ಸಾವಿರ ಓಡಿಸುವ ನನಗೆ ಮೊದಲು ಹದಿನಾಲ್ಕು ಲೀಟರ್ ಬೇಕಿತ್ತು, ಈಗ ಮೂರು ಚಿಲ್ಲರೆ. ಲೀಟರಿಗೆ 400 ಹಿಡಿದರೆ ಸೀಲಿನ ದುಡ್ಡು ಒಂದೂವರೆ ವರ್ಷದಲ್ಲಿ ವಾಪಸು. ಹೊಗೆಯ ವಿಷ ತಗ್ಗಿಸುವ ಸೈಲೆನ್ಸರಿನ ಕನ್ವರ್ಟರ್ ಉಳಿದದ್ದು ಬೇರೆ. ಸುಟ್ಟ ಆಯಿಲಿನ ರಂಜಕ ಅದನ್ನು ನಿಧಾನಕ್ಕೆ ಕೊಲ್ಲುತ್ತದೆ.

ಹಾಗಂತ ಎಲ್ಲರಿಗೂ ಸೀಲೇ ಮದ್ದಲ್ಲ. ನನ್ನದು ನೋಡಿ ಭಾವನೂ ತನ್ನ ಹಳೆಯ ಗಾಡಿಗೆ ಬೇರೆಡೆ ಸೀಲ್ ಹಾಕಿಸಿದ, 5,800 ನೀರಿಗೆ ಹೋಯಿತು. ಅವನದು ಹತ್ತುವಾಗ ಹೊಗೆ ಬಿಡುತ್ತಿತ್ತು. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಭುಸ್ಸೆಂದು ಗಾಳಿ ಬರುತ್ತಿತ್ತು. ಕೊನೆಗೆ ಇಂಜಿನ್ ಇಳಿಸಿ ರಿಂಗ್, ಬೇರಿಂಗ್ ಹಾಕಿ 27,000 ಆಯಿತು. ನನಗೂ ಒಬ್ಬರು ಗಾಡಿ ನೋಡದೆ ಫೋನಿನಲ್ಲೇ ಇದೇ ಕೆಲಸಕ್ಕೆ 'ಹಾಫ್ ಇಂಜಿನ್ ಮಾಡಿಸಿ, 28 ಸಾವಿರ' ಅಂದಿದ್ದರು. ಹುಬ್ಬಳ್ಳಿಯಿಂದ ಹಳೆಯ ಇಂಜಿನ್ ತಂದು ಕೂರಿಸುವ ಸಲಹೆಯೂ ಬಂದಿತ್ತು. ಒಂದು ಗೊತ್ತಿಲ್ಲದ ಇಂಜಿನ್ ಕೊಂಡು ಸಾಕಾಗಿತ್ತು, ಇನ್ನೊಂದು ಬೇಡವೆಂದೆ.

ಒಂದು ಮಾತು ಬಿಟ್ಟುಹೋಯಿತು. ಮಳೆಗಾಲದಲ್ಲಿ ಪೇಟೆಗೆ ಹೋಗಿ ಬರುವ ಎರಡು ಕಿ.ಮೀ. ಓಡಾಟವಷ್ಟೇ ಇದ್ದರೆ ಆಯಿಲ್ ಮುಚ್ಚಳದಡಿ ಬೆಣ್ಣೆಯಂಥ ಬಿಳಿ ಕೆನೆ ಕಾಣುತ್ತದೆ. ನೀರಾವಿ ಸೇರಿದ್ದು ಅಷ್ಟೆ, ರೇಡಿಯೇಟರಿನ ನೀರು ಇಳಿಯದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ಆ ನೀರು ಆಯಿಲಿಗೆ ಸೇರಿತು ಅಂತ ಹೆದರಬೇಡಿ. ಒಮ್ಮೆ ಕುಮಟಾ ತನಕ ಓಡಿಸಿ ಬಂದರೆ ಕರಗುತ್ತದೆ.

ಉಳಿದ ಮೂರು ಲೀಟರು ಬಹುಶಃ ಆ ಮೂರನೇ ರಿಂಗಿನ ಪಾಲು. ಅದಕ್ಕಾಗಿ ಇಂಜಿನ್ ಬಿಚ್ಚುವವ ನಾನಲ್ಲ. ಡಿಕ್ಕಿಯಲ್ಲಿ ಅರ್ಧ ಲೀಟರಿನ ಬಾಟಲಿ ಇದೆ. ಭಾನುವಾರದ ಡಿಪ್‌ಸ್ಟಿಕ್ ಇನ್ನೂ ತಪ್ಪಿಲ್ಲ.